ಗಾಳಿಯಲ್ಲಿರುವ ಚೆಂಡಿಗೆ ಪ್ರಸ್ತಾರ ಹಾಕುವುದು

ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 1821ರ ತನ್ನ ಸಂಕಲನದಲ್ಲಿ, ಲಂಡನ್ನಿಗೆ ಬಂದಿದ್ದ ಭಾರತದ ಜಗ್ಲರ್‌ಗಳ ಮೇಲೆ ಒಂದು ಪ್ರಬಂಧ ಸೇರಿಸಿದ್ದಾನೆ. ಬಿಳಿ ಬಟ್ಟೆ ತೊಟ್ಟು ಮುಂಡಾಸು ಬಿಗಿದುಕೊಂಡ ಆಟಗಾರ ಮುಂದೆ ಬಂದು ನೆಲದ ಮೇಲೆ ಕೂರುತ್ತಾನೆ. ಮೊದಲು ಎರಡು ಹಿತ್ತಾಳೆ ಚೆಂಡು ಎಸೆಯುತ್ತಾನೆ, ಕೊನೆಗೆ ನಾಲ್ಕಕ್ಕೆ ಬರುತ್ತಾನೆ. ಹ್ಯಾಜ್ಲಿಟ್ ಕಣ್ಣಿಗೆ ಅವು ಗ್ರಹಗಳು ಸುತ್ತಿದ ಹಾಗೆ ಕಾಣುತ್ತವೆ. ಎರಡು ಚೆಂಡನ್ನು ಯಾರು ಬೇಕಾದರೂ ಆಡಿಸಬಹುದು, ಆದರೆ ನಾಲ್ಕನ್ನು ನಮ್ಮಂಥವರು ಇಡೀ ಜನ್ಮ ಕೂತು ಕಲಿತರೂ ಆಡಿಸಲಾರೆವು ಎಂದು ಕೈ ಮುಗಿಯುತ್ತಾನೆ. ಆ ಆಟಗಾರ ಮದರಾಸಿನ ಕಡೆಯಿಂದ ಹೋಗಿ 1850ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ ರಾಮೋ ಸಾಮಿ ಇರಬೇಕು ಅನ್ನುವುದು ಹಲವರ ಊಹೆ.

ಪ್ರಬಂಧ ಸೊಗಸಾಗಿದೆ. ಆದರೆ ಎಷ್ಟು ಸಲ ಓದಿದರೂ ಅದರಿಂದ ಒಂದು ಸಂಗತಿ ಮಾತ್ರ ಹೊರಡುವುದಿಲ್ಲ: ಆ ಮನುಷ್ಯ ನಾಲ್ಕು ಚೆಂಡಿನಲ್ಲಿ ಆಡಿದ್ದು ಯಾವ ಆಟ? ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಎರಡು, ಒಂದರ ಗೊಡವೆಗೆ ಇನ್ನೊಂದು ಹೋಗದೆ ಆಡಿದನೆ? ಒಂದು ಕೈಯಿಂದ ಎತ್ತರಕ್ಕೆ ಎಸೆದು ಇನ್ನೊಂದು ಕೈಯಿಂದ ಸರಕ್ಕನೆ ದಾಟಿಸುತ್ತ ಚಕ್ರ ಕಟ್ಟಿದನೆ? ಅಥವಾ ಎರಡೂ ಕೈ ಅಡ್ಡಡ್ಡ ಎಸೆಯುತ್ತ, ಒಂದು ಎತ್ತರಕ್ಕೆ ಇನ್ನೊಂದು ತಗ್ಗಿಗೆ? ಮೂರೂ ಬೇರೆ ಬೇರೆ ಆಟ. ಮೂರಕ್ಕೂ ಬೇರೆ ಬೇರೆ ಸಾಧನೆ ಬೇಕು. ಆದರೆ ಎದುರಿಗೆ ಕೂತು ನೋಡುವವನಿಗೆ ಮೂರೂ ಗ್ರಹಗಳ ಹಾಗೇ ಕಾಣುತ್ತವೆ. ಹ್ಯಾಜ್ಲಿಟ್‌ನಂಥ ಬರಹಗಾರನಿಗೇ ಈ ಗತಿಯಾದರೆ ಮಿಕ್ಕವರ ಪಾಡು ಕೇಳಬೇಡಿ.

ಮುಂದೆ ಜಗ್ಲರ್‌ಗಳು ತಮ್ಮತಮ್ಮಲ್ಲಿ ಹೆಸರು ಇಟ್ಟುಕೊಂಡರು. ಮೂರು ಚೆಂಡಿನ ಮೊದಲ ಪಾಠಕ್ಕೆ ಕ್ಯಾಸ್ಕೇಡ್. ನಾಲ್ಕನ್ನು ಎರಡು-ಎರಡಾಗಿ ಆಡಿಸಿದರೆ ಫೌಂಟನ್. ಚಕ್ರ ಕಟ್ಟಿದರೆ ಶವರ್. ಆಮೇಲೆ ಆಟಗಾರರ ಹೆಸರೇ ಆಟಕ್ಕೆ ಅಂಟಿಕೊಳ್ಳತೊಡಗಿತು. ತೋಳುಗಳನ್ನು ಒಂದರ ಮೇಲೊಂದು ಹೆಣೆದು ಬಿಡಿಸುವ ಆಟಕ್ಕೆ ಸ್ಟೀವ್ ಮಿಲ್ಸ್ ಹೆಸರಿನಲ್ಲಿ ಮಿಲ್ಸ್ ಮೆಸ್, ಇನ್ನೊಂದಕ್ಕೆ ಕೆನ್ ಬರ್ಕ್ ಹೆಸರಿನಲ್ಲಿ ಬರ್ಕ್ಸ್ ಬರಾಜ್. ಹೆಸರು ಇದ್ದರೆ ಕರೆಯುವುದಕ್ಕೆ ಅನುಕೂಲ. ಆದರೆ ಗೊತ್ತಿಲ್ಲದವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನೂ ಯಾರೂ ಆಡದ ಆಟಕ್ಕಂತೂ ಹೆಸರೇ ಇರುವುದಿಲ್ಲ. ನನಗೆ ಹೆಚ್ಚು ತಲೆ ಕೆಡಿಸುವುದು ಈ ಎರಡನೆಯದು.

ಉತ್ತರ ಬಂದದ್ದು 1980ರ ದಶಕದಲ್ಲಿ, ಅದೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂರು ಕಡೆಯಿಂದ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ 1981ರಲ್ಲಿ ಪಾಲ್ ಕ್ಲಿಮೆಕ್, 1985ರಲ್ಲಿ ಕ್ಯಾಲ್‌ಟೆಕ್‌ನ ಬ್ರೂಸ್ ಟೀಮನ್ ಮತ್ತು ಬೆಂಗ್ಟ್ ಮ್ಯಾಗ್ನುಸನ್, ಅದೇ ವರ್ಷ ಕೇಂಬ್ರಿಜ್‌ನ ಮೈಕ್ ಡೇ, ಕಾಲಿನ್ ರೈಟ್, ಆಡಂ ಚಾಲ್‌ಕ್ರಾಫ್ಟ್. ಎಲ್ಲರೂ ತಲುಪಿದ್ದು ಒಂದೇ ಬರವಣಿಗೆಗೆ. ಇವತ್ತು ಜಗತ್ತಿನ ಜಗ್ಲರ್‌ಗಳು ಅದನ್ನು ಸೈಟ್‌ಸ್ವ್ಯಾಪ್ ಅನ್ನುತ್ತಾರೆ. ಅದಕ್ಕೂ ಮೊದಲು ಕ್ಲಾಡ್ ಶಾನನ್ ಜಗ್ಲಿಂಗಿಗೆ ಒಂದು ಸಮೀಕರಣ ಬರೆದಿದ್ದ. ಮಾಹಿತಿ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಗಣಿತಜ್ಞ ಶಾನನ್ನೇ, ಆತನೂ ಜಗ್ಲರ್. ಚೆಂಡು ಗಾಳಿಯಲ್ಲಿರುವ ಕಾಲ, ಕೈಯಲ್ಲಿರುವ ಕಾಲ, ಕೈ ಖಾಲಿಯಿರುವ ಕಾಲ ಇವುಗಳ ನಡುವಿನ ಸಂಬಂಧವನ್ನು ಅದು ಹೇಳುತ್ತದೆ. ಆದರೆ ಎಲ್ಲ ಎಸೆತವೂ ಒಂದೇ ತರಹ ಇರುವ ಆಟಕ್ಕೆ ಮಾತ್ರ ಅದು ಹೊಂದುತ್ತದೆ. ಯಾವ ಚೆಂಡು ಯಾವುದರ ಹಿಂದೆ ಅನ್ನುವ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ.

ಸೈಟ್‌ಸ್ವ್ಯಾಪ್‌ನ ಲೆಕ್ಕ ಇಷ್ಟೇ. ತಾಳ ಹಾಕಿದ ಹಾಗೆ ಸಮನಾದ ಮಾತ್ರೆಗಳಲ್ಲಿ ಕೈಗಳು ಸರದಿಯಂತೆ ಎಸೆಯುತ್ತವೆ: ಬಲ, ಎಡ, ಬಲ, ಎಡ. ಪ್ರತಿ ಎಸೆತಕ್ಕೆ ಒಂದು ಅಂಕಿ. ಈಗ ಎಸೆದ ಚೆಂಡನ್ನು ಎಷ್ಟು ಮಾತ್ರೆ ಕಳೆದ ಮೇಲೆ ಮತ್ತೆ ಎಸೆಯುತ್ತೀರೋ ಅದೇ ಆ ಅಂಕಿ. ಬಲಗೈಯಿಂದ ಎಸೆದದ್ದನ್ನು ಮೂರು ಮಾತ್ರೆಯ ನಂತರ ಎಸೆಯಬೇಕಾದರೆ ಆಗ ಸರದಿ ಎಡಗೈಯದು, ಆದ್ದರಿಂದ 3 ಅಡ್ಡ ದಾಟುತ್ತದೆ. ನಾಲ್ಕು ಮಾತ್ರೆಯ ನಂತರ ಸರದಿ ಮತ್ತೆ ಬಲಗೈಗೇ ಬರುತ್ತದೆ, ಆದ್ದರಿಂದ 4 ಎಸೆದ ಕೈಗೇ ನೆಟ್ಟಗೆ ಬೀಳುತ್ತದೆ. ಬೆಸ ಅಂಕಿಯೆಲ್ಲ ದಾಟುತ್ತವೆ, ಸರಿ ಅಂಕಿಯೆಲ್ಲ ದಾಟುವುದಿಲ್ಲ. 1 ಅಂದರೆ ಪಕ್ಕದ ಕೈಗೆ ಸೀದಾ ಕೊಡುವುದು. 2 ಅಂದರೆ ಸುಮ್ಮನೆ ಹಿಡಿದುಕೊಂಡಿರುವುದು. 0 ಅಂದರೆ ಕೈ ಖಾಲಿ. ಒಂಬತ್ತು ದಾಟಿದರೆ ಅಕ್ಷರಗಳು ಬರುತ್ತವೆ. ಆ ಎತ್ತರಕ್ಕೆ ಎಸೆಯುವ ಯೋಗ ನನಗಿಲ್ಲ, ಹಾಗಾಗಿ ಆ ಗೊಡವೆ ಬೇಡ.

ಕ್ಯಾಸ್ಕೇಡ್ ಅಂದರೆ 333333. ಚಿಕ್ಕದಾಗಿ ಬರೆದರೆ ಬರೀ 3. ನಾಲ್ಕು ಚೆಂಡಿನ ಫೌಂಟನ್ 4. ರಾಮೋ ಸಾಮಿಯ ಮುಂದೆ ನಾನಿಟ್ಟ ಮೂರು ಆಯ್ಕೆಗಳು ಕ್ರಮವಾಗಿ 4, 71 ಮತ್ತು 53. ಹ್ಯಾಜ್ಲಿಟ್ ಒಂದೇ ಒಂದು ಅಂಕಿ ಬರೆದಿಟ್ಟಿದ್ದರೆ ಸಾಕಿತ್ತು, ಇವತ್ತು ನಾವು ಆ ಆಟವನ್ನು ಹಾಗೆಹಾಗೇ ಆಡಬಹುದಿತ್ತು.

ಅಂಕಿಗಳ ಸರಾಸರಿ ತೆಗೆದರೆ ಚೆಂಡು ಎಷ್ಟು ಅನ್ನುವುದು ಸಿಗುತ್ತದೆ. 71ಕ್ಕೆ ಎಂಟನ್ನು ಎರಡರಿಂದ ಭಾಗಿಸಿ, ನಾಲ್ಕು. 441ಕ್ಕೆ ಒಂಬತ್ತನ್ನು ಮೂರರಿಂದ ಭಾಗಿಸಿ, ಮೂರು. ಹಾಗಂತ ಸರಾಸರಿ ಸರಿಬಂದ ಅಂಕಿಸಾಲೆಲ್ಲ ಆಟವಾಗುವುದಿಲ್ಲ. 432 ತೆಗೆದುಕೊಳ್ಳಿ. ಕೂಡಿದರೆ ಒಂಬತ್ತೇ. ಮೊದಲ ಎಸೆತದ ಮಾತ್ರೆಯನ್ನು ಸೊನ್ನೆ ಎಂದು ಎಣಿಸಿ. ಬಲಗೈಯಿಂದ 4 ಎಸೆದಿರಿ, ಅದು ನಾಲ್ಕನೇ ಮಾತ್ರೆಗೆ ಬಲಗೈಗೆ ಬರಬೇಕು. ಮುಂದಿನ ಮಾತ್ರೆಯಲ್ಲಿ ಎಡಗೈಯಿಂದ 3, ಅದೂ ನಾಲ್ಕನೇ ಮಾತ್ರೆಗೆ ಬಲಗೈಗೇ. ಅದರ ಮುಂದಿನದರಲ್ಲಿ ಬಲಗೈಯಲ್ಲಿ 2 ಹಿಡಿದುಕೊಂಡಿದ್ದೀರಿ, ಅದನ್ನು ಎಸೆಯಬೇಕಾದದ್ದೂ ಅದೇ ನಾಲ್ಕನೇ ಮಾತ್ರೆಯಲ್ಲೇ. ಮೂರು ಚೆಂಡು, ಒಂದು ಕೈ, ಒಂದೇ ಗಳಿಗೆ. ಅವೇ ಅಂಕಿಗಳನ್ನು 423 ಎಂದು ಜರುಗಿಸಿ ನೋಡಿ, ಯಾವುದೂ ಯಾವುದಕ್ಕೂ ಅಡ್ಡ ಬರುವುದಿಲ್ಲ. ಅಲ್ಲಿ ಕೊನೆಯ 3 ಬಂದು ಬೀಳುವುದು ಐದನೇ ಮಾತ್ರೆಗೆ, ಮಧ್ಯದ 2 ಮೂರನೆಯದಕ್ಕೆ, ಮೊದಲ 4 ನಾಲ್ಕನೆಯದಕ್ಕೆ. ಎಲ್ಲದಕ್ಕೂ ಅವರವರ ಜಾಗ.

ಇಲ್ಲಿಂದ ಮುಂದಿನ ಹೆಜ್ಜೆಯೇ ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಇಷ್ಟವಾದದ್ದು. ಅಕ್ಕಪಕ್ಕದ ಎರಡು ಎಸೆತಗಳು ಬೀಳುವ ಜಾಗಗಳನ್ನು ಅದಲುಬದಲು ಮಾಡಿ. ಮೊದಲನೆಯದು ಎರಡನೆಯದರ ಜಾಗಕ್ಕೆ ಹೋಗಬೇಕಾದರೆ ಎರಡನೆಯದರ ಅಂಕಿಗೆ ಒಂದು ಕೂಡಬೇಕು. ಎರಡನೆಯದು ಮೊದಲನೆಯದರ ಜಾಗಕ್ಕೆ ಬರಬೇಕಾದರೆ ಮೊದಲನೆಯದರ ಅಂಕಿಯಿಂದ ಒಂದು ಕಳೆಯಬೇಕು. 333ರಿಂದ ಶುರು ಮಾಡಿ. ಮೊದಲೆರಡನ್ನು ಬದಲಿಸಿದರೆ 423. ಅದರಲ್ಲಿ ಕೊನೆಯೆರಡನ್ನು ಬದಲಿಸಿದರೆ 3 ಮುಂದೆ ಬಂದು 4 ಆಗುತ್ತದೆ, 2 ಹಿಂದೆ ಹೋಗಿ 1 ಆಗುತ್ತದೆ: 441. ಅದರಲ್ಲಿ ಮೊದಲೆರಡನ್ನು ಬದಲಿಸಿದರೆ 531. ಸಾಮಾನ್ಯ ಕ್ಯಾಸ್ಕೇಡ್‌ನಿಂದ ಮೂರೇ ಹೆಜ್ಜೆಗೆ, ಕೈ ಅಲ್ಲಾಡಿಸದೆ, ಕಾಗದದ ಮೇಲೆಯೇ ಮೂರು ಹೊಸ ಆಟ. ನಡುವೆ ಚೆಂಡುಗಳು ಡಿಕ್ಕಿ ಹೊಡೆಯುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಜಾಗಗಳು ಹೊಸದಾಗಿ ಹುಟ್ಟಲಿಲ್ಲ, ಅಲ್ಲಿಗೆ ಬರುವ ಚೆಂಡುಗಳು ಅದಲುಬದಲಾದವು ಅಷ್ಟೇ.

ಕೈಯಲ್ಲಿ ಹಿಡಿದರೆ 441 ಹೀಗಿರುತ್ತದೆ. ಬಲಗೈ ನೆಟ್ಟಗೆ ಮೇಲಕ್ಕೆ, ಎಡಗೈ ನೆಟ್ಟಗೆ ಮೇಲಕ್ಕೆ, ಎರಡು ಕಂಬ ನಿಲ್ಲಿಸಿದಂತೆ. ಅವು ಮೇಲಿರುವಾಗಲೇ ಕೆಳಗೆ ಬಲಗೈ ಮೂರನೆಯದನ್ನು ಎಡಗೈಗೆ ದಾಟಿಸುತ್ತದೆ. ಮತ್ತೆ ಎಡ ಮೇಲಕ್ಕೆ, ಬಲ ಮೇಲಕ್ಕೆ, ಈ ಸಲ ಎಡಗೈಯಿಂದ ಬಲಗೈಗೆ. ಮೂರು ಎಸೆತಕ್ಕೊಮ್ಮೆ ಕೈಗಳ ಪಾತ್ರ ತಿರುಗುಮುರುಗು. ಕಲಿಯುವವರ ಕೈ ಮೊಂಡಾಟ ಮಾಡುವುದು ಆ 1ರ ಹತ್ತಿರ. ಮೂರಕ್ಕೆ ಪಳಗಿದ ಕೈ ಅದನ್ನೂ ಮೇಲೆ ತೂರಲು ನೋಡುತ್ತದೆ. 531ರ ಮಜವೇ ಬೇರೆ. ಮೊದಲು ಎತ್ತರದ 5, ಅದರ ಕೆಳಗೆ ಅಡ್ಡ 3, ಅದರ ಕೆಳಗೆ ಕೈಯಿಂದ ಕೈಗೆ 1. ಬೀಳುವ ಹೊತ್ತಿಗೆ ಕ್ರಮ ತಲೆಕೆಳಗು, ಕೊನೆಗೆ ಹೊರಟದ್ದು ಮೊದಲು ಬರುತ್ತದೆ. 3 ಅಂತೂ ನೀಟಾಗಿ ನಡುವೆ. ಮೂರನ್ನೂ ಒಂದರ ಮೇಲೊಂದು ಮಹಡಿಯಾಗಿ ಗಾಳಿಯಲ್ಲಿ ನೋಡಬಹುದಾದ ಕ್ಷಣ ಒಂದಿದೆ. ಆಡುವವನಿಗೆ ಅದನ್ನು ನೋಡಲು ಪುರುಸೊತ್ತಿಲ್ಲ, ಎದುರಿಗಿರುವವರಿಗೆ ಇದೆ.

ಇದನ್ನೆಲ್ಲ ಓದುವಾಗ ನನಗೆ ಪದೇಪದೇ ಹೈಸ್ಕೂಲಿನ ಛಂದಸ್ಸು ನೆನಪಾಗುತ್ತದೆ. ಯಮಾತಾರಾಜಭಾನಸಲಗಂ ಎಂದು ಉರು ಹೊಡೆದು, ಪದ್ಯದ ಸಾಲಿನ ಮೇಲೆ ಲಘುವಿಗೊಂದು ಗುರುವಿಗೊಂದು ಗುರುತು ಹಾಕಿ, ಮೂರುಮೂರಾಗಿ ಗೆರೆ ಎಳೆದು ಪ್ರಸ್ತಾರ ಹಾಕಿದವರೆಲ್ಲರಿಗೂ ಗೊತ್ತಿರುವ ಸಂಗತಿ ಇದು. ಪದ್ಯದಲ್ಲಿ ಯುದ್ಧ ನಡೆಯುತ್ತಿದೆಯೋ ಯಾರಾದರೂ ಅಳುತ್ತಿದ್ದಾರೋ, ಗುರುತಿಗೆ ಸಂಬಂಧವಿಲ್ಲ. ಅಕ್ಷರ ಉದ್ದವೋ ಗಿಡ್ಡವೋ, ಅಷ್ಟೇ. ಹಾಗೆ ಎಲ್ಲವನ್ನೂ ಕಿತ್ತು ಬಿಸಾಡಿದ್ದರಿಂದಲೇ ಪಿಂಗಳನಿಗೆ ಮೂರು ಅಕ್ಷರಕ್ಕೆ ಇರುವ ಎಲ್ಲ ಜೋಡಣೆಗಳನ್ನೂ ಒಂದೂ ಬಿಡದೆ ಸಾಲಾಗಿ ಬರೆಯಲು ಸಾಧ್ಯವಾಯಿತು. ಎಂಟೇ ಗಣ, ಒಂಬತ್ತನೆಯದು ಇಲ್ಲ. ಯಾವ ಕವಿಯೂ ಇನ್ನೂ ಬಳಸದ ವೃತ್ತಕ್ಕೂ ಪ್ರಸ್ತಾರದಲ್ಲಿ ಜಾಗ ಮೊದಲೇ ಕಾದಿರುತ್ತದೆ. ಜಗ್ಲಿಂಗಿನ ಅಂಕಿಗಳೂ ಮಾಡಿದ್ದು ಅದನ್ನೇ. ಇದ್ದ ಆಟವನ್ನು ಬಣ್ಣಿಸುವುದು ಅವುಗಳ ಅರ್ಧ ಕೆಲಸ. ಇಲ್ಲದ ಆಟವನ್ನು ಎಣಿಕೆಗೆ ತಂದದ್ದು ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ.

ಎಣಿಕೆ ಅಂದೆನಲ್ಲ, ಅದೂ ಆಗಿದೆ. ಜೋ ಬ್ಯೂಲರ್, ಡೇವಿಡ್ ಐಸನ್‌ಬಡ್, ರಾನ್ ಗ್ರಹಾಂ ಮತ್ತು ಮೇಲೆ ಹೇಳಿದ ಕಾಲಿನ್ ರೈಟ್ 1994ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿಯಲ್ಲಿ ಒಂದು ಲೇಖನ ಬರೆದರು. ಗ್ರಹಾಂ ದೊಡ್ಡ ಗಣಿತಜ್ಞ, ಜೊತೆಗೆ ಅಂತರರಾಷ್ಟ್ರೀಯ ಜಗ್ಲರ್‌ಗಳ ಸಂಘಕ್ಕೆ ಅಧ್ಯಕ್ಷನಾಗಿದ್ದವನು. ಇಂತಿಷ್ಟು ಚೆಂಡು, ಇಂತಿಷ್ಟು ಉದ್ದದ ಅಂಕಿಸಾಲು ಅಂದರೆ ಒಟ್ಟು ಎಷ್ಟು ಆಟ ಸಾಧ್ಯ ಅನ್ನುವುದಕ್ಕೆ ಅವರ ಉತ್ತರ ನಾಚಿಕೆಯಾಗುವಷ್ಟು ಸರಳ. ಮೂರು ಚೆಂಡು, ಮೂರಂಕಿಯ ಸಾಲು ಆದರೆ ನಾಲ್ಕರ ಘನದಿಂದ ಮೂರರ ಘನ ಕಳೆಯಿರಿ: 64ರಲ್ಲಿ 27 ಹೋದರೆ 37. ಐದಂಕಿಯ ಸಾಲಾದರೆ ಎರಡರದ್ದೂ ಐದನೇ ಘಾತ: 1024ರಲ್ಲಿ 243 ಹೋದರೆ 781. ಉತ್ತರ ಸರಳವಾದರೂ ಅದು ಸರಿ ಎಂದು ಸಾಧಿಸಿ ತೋರಿಸುವುದು ಸರಳವಲ್ಲ, ಅದರೊಳಗೆ ಈಗ ಇಳಿಯುವುದಿಲ್ಲ.

ಆ 37ರಲ್ಲಿ 441, 414, 144 ಬೇರೆಬೇರೆಯಾಗಿ ಲೆಕ್ಕಕ್ಕೆ ಬಂದಿವೆ. ಆಡುವವನಿಗೆ ಅವು ಒಂದೇ ಆಟ, ಎಲ್ಲಿಂದ ಶುರು ಮಾಡಿದೆ ಅನ್ನುವುದಷ್ಟೇ ವ್ಯತ್ಯಾಸ. ಅವನ್ನು ಒಟ್ಟುಗೂಡಿಸಿದರೆ ಉಳಿಯುವುದು ಹದಿಮೂರು. ಕಾಗದ ಪೆನ್ನು ಹಿಡಿದು ಬರೆದು ನೋಡಿ, ಒಂದು ಬಸ್ ಪ್ರಯಾಣಕ್ಕೆ ಸಾಕಾದಷ್ಟು ಕೆಲಸ: 333, 423, 441, 522, 531, 450, 603, 612, 630, 711, 720, 801, 900. ಇದರಲ್ಲಿ ಕೆಲವಕ್ಕೆ ಮಾತ್ರ ಆಟಗಾರರ ನಡುವೆ ಹೆಸರಿದೆ. 423 ಕೈಯ ಜಾಡು ಬದಲಿಸಿದರೆ ಬರ್ಕ್ಸ್ ಬರಾಜ್ ಆಗುತ್ತದೆ. 441ಕ್ಕೆ ಈಗಲೂ ಅಂಕಿಯೇ ಹೆಸರು. ಇನ್ನು 900. ಒಂದು ಚೆಂಡನ್ನು ಒಂಬತ್ತು ಚೆಂಡಿನ ಆಟದ ಎತ್ತರಕ್ಕೆ ಎಸೆದು ಎರಡು ಮಾತ್ರೆ ಕೈಕಟ್ಟಿ ನಿಲ್ಲುವುದು, ಮತ್ತೆ ಇನ್ನೊಂದು ಕೈಯಿಂದ ಅದನ್ನೇ ಮಾಡುವುದು. ಸೂತ್ರಕ್ಕೆ ಅದೂ ಆಟವೇ. ನೋಡುವವರು ಇವನಿಗೇನಾಗಿದೆ ಅಂದುಕೊಂಡರೆ ಸೂತ್ರ ಹೊಣೆಯಲ್ಲ.

ಎಣಿಸಿದ ಮೇಲೆ ವಿಂಗಡಿಸಬೇಕಲ್ಲ. ಚೆಂಡಿನ ಸಂಖ್ಯೆಯಿಂದ ವಿಂಗಡಿಸಬಹುದು, ಸಾಲಿನ ಉದ್ದದಿಂದ ವಿಂಗಡಿಸಬಹುದು. ಆದರೆ ಆಡುವವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ವಿಂಗಡಣೆ ಬೇರೆ: ಕ್ಯಾಸ್ಕೇಡ್ ಆಡುತ್ತಿರುವಾಗ ತಕ್ಷಣ ಹೊರಳಬಹುದಾದ ಆಟ ಯಾವುದು, ಹೊರಳಲಾಗದ್ದು ಯಾವುದು? ಇದಕ್ಕೆ ಮಾಡುವುದು ಹೀಗೆ. ಯಾವುದಾದರೂ ಗಳಿಗೆಯಲ್ಲಿ ಎಲ್ಲವನ್ನೂ ನಿಲ್ಲಿಸಿ, ಮುಂದಿನ ಮಾತ್ರೆಗಳಲ್ಲಿ ಚೆಂಡು ಬಂದು ಬೀಳುವ ಕಡೆ 1, ಬೀಳದ ಕಡೆ 0 ಬರೆಯುವುದು. ಕ್ಯಾಸ್ಕೇಡ್‌ನಲ್ಲಿ ಯಾವಾಗ ನಿಲ್ಲಿಸಿದರೂ 111. ಮುಂದಿನ ಮೂರು ಮಾತ್ರೆಗೆ ಮೂರು ಚೆಂಡು, ಸಾಲಾಗಿ. ಇದನ್ನು ನೆಲದ ಸ್ಥಿತಿ ಅನ್ನೋಣ. 441, 423, 531 ಇವೆಲ್ಲ 111ರಿಂದ ಹೊರಟು 111ಕ್ಕೇ ಮರಳುತ್ತವೆ. ಅದಕ್ಕೇ ಕ್ಯಾಸ್ಕೇಡ್‌ನ ನಡುವೆ ಎಲ್ಲಿ ಬೇಕಾದರೂ ಅವನ್ನು ಸೇರಿಸಬಹುದು, ಹೇಳದೆ ಕೇಳದೆ.

ಮೂರು ಚೆಂಡಿನ ಶವರ್ ಹಾಗಲ್ಲ. ಅದರ ಅಂಕಿ 51. ಶವರ್ ಆಡುತ್ತಿರುವವನನ್ನು ನಿಲ್ಲಿಸಿ ನೋಡಿದರೆ ಒಮ್ಮೆ 1101 ಇರುತ್ತದೆ, ಇನ್ನೊಮ್ಮೆ 10101. ಯಾವತ್ತೂ 111 ಇರುವುದಿಲ್ಲ. ಆದ್ದರಿಂದ ಕ್ಯಾಸ್ಕೇಡ್‌ನಿಂದ ಸೀದಾ ಶವರಿಗೆ ಜಿಗಿದರೆ ಎಲ್ಲೋ ಎರಡು ಚೆಂಡು ಒಂದೇ ಕೈಗೆ ಬಂದು ಕೂರುತ್ತವೆ. ನಡುವೆ ಬಾಗಿಲಾಗಿ ಒಂದು 4 ಬೇಕು: 3, 3, 4, ಆಮೇಲೆ 51, 51. ಹೊರಗೆ ಬರಲು ಒಂದು 2 ಸಾಕು. ಒಂದು ಮಾತ್ರೆ ಹಿಡಿದುಕೊಂಡು ನಿಂತರೆ ಮತ್ತೆ 111. ಎತ್ತರವನ್ನು 5ಕ್ಕೆ ಮಿತಿಗೊಳಿಸಿದರೆ ಮೂರು ಚೆಂಡಿಗೆ ಇಂಥ ಸ್ಥಿತಿಗಳು ಒಟ್ಟು ಹತ್ತೇ ಹತ್ತು. ಅವುಗಳ ನಡುವೆ ಬಾಣ ಎಳೆದರೆ ಒಂದು ಪುಟದಲ್ಲಿ ಹಿಡಿಸುವ ನಕ್ಷೆ. ಆ ನಕ್ಷೆಯಲ್ಲಿ ಹೊರಟ ಕಡೆಗೇ ಮರಳಿ ಬರುವ ಪ್ರತಿ ದಾರಿಯೂ ಒಂದು ಆಟ. ನಡುವೆ ಯಾವ ಸ್ಥಿತಿಯನ್ನೂ ಎರಡು ಸಲ ಮುಟ್ಟದಿದ್ದರೆ ಅದು ಒಡೆಯಲಾಗದ ಆಟ, ಮುಟ್ಟಿದರೆ ಚಿಕ್ಕ ಆಟಗಳ ಕೂಡಿಕೆ.

ಈ ನಕ್ಷೆ ನೋಡಿದ ಮೇಲೆ ಶವರ್ ಬಗ್ಗೆ ನನಗೆ ಗೌರವ ಹೆಚ್ಚಿತು. ಕಲಿಸದೇ ಇದ್ದರೆ ಜನ ತಾವಾಗಿ ಶುರು ಮಾಡುವುದು ಅದನ್ನೇ. ಟೋಂಗಾ ದ್ವೀಪಗಳಲ್ಲಿ ಹೆಣ್ಣುಮಕ್ಕಳು ಆಡುವ ಹಿಕೊ ಅನ್ನುವ ಆಟ ಶವರ್, ಜಪಾನಿನ ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸುತ್ತಿದ್ದ ಒತೆದಾಮಾ ಶವರ್. ಬಲಗೈ ಎಸೆಯುತ್ತದೆ, ಎಡಗೈ ಹಿಡಿದು ಕೊಡುತ್ತದೆ, ನೋಡಲು ಇದಕ್ಕಿಂತ ಸಹಜವಾದದ್ದಿಲ್ಲ. ನಮ್ಮ ಅಣ್ಣೆಕಲ್ಲು ಆಡಿ ಬೆಳೆದವರ ಕೈಗೂ ಬೇಗ ಒಗ್ಗುವುದು ಇದೇ. ಒಂದು ಕೈ ಮೇಲೆ ತೂರಿ ಹಿಡಿಯುವ ಅಭ್ಯಾಸ ಅಲ್ಲಿ ಆಗಲೇ ಆಗಿರುತ್ತದೆ. ಅಂಕಿ ಮಾತ್ರ ಬೇರೆಯದೇ ಹೇಳುತ್ತದೆ. ಮೂರು ಚೆಂಡಿಗೆ 5, ಅಂದರೆ ಐದು ಚೆಂಡು ಆಡಿಸುವವರು ಎಸೆಯುವ ಎತ್ತರ. ಪ್ರತಿ ಚೆಂಡೂ ಕೈಯಲ್ಲಿ ಒಂದು ಮಾತ್ರೆ ಇರುತ್ತದೆ ಅಂದುಕೊಂಡರೆ 3 ಗಾಳಿಯಲ್ಲಿರುವುದು ಎರಡು ಮಾತ್ರೆ, 5 ನಾಲ್ಕು ಮಾತ್ರೆ. ಕಾಲ ಇಮ್ಮಡಿಯಾದರೆ ಎತ್ತರ ನಾಲ್ಕು ಪಟ್ಟು. ನಾಲ್ಕು ಚೆಂಡಿನ ಶವರ್ 71, ಐದರದ್ದು 91. ಚೆಂಡು ಎಷ್ಟೇ ಇರಲಿ, ಅದೇ ಲಯದ ಸಾದಾ ಆಟಕ್ಕಿಂತ ಶವರ್ ಕೇಳುವುದು ನಾಲ್ಕು ಪಟ್ಟು ಎತ್ತರವನ್ನೇ. ಸಹಜ ಅನ್ನುವುದಕ್ಕೂ ಸುಲಭ ಅನ್ನುವುದಕ್ಕೂ ಎಷ್ಟು ದೂರ ನೋಡಿ. ಮೂರರ ಹಂತದಲ್ಲಿ ಇದು ಗೊತ್ತಾಗುವುದಿಲ್ಲ, ನಾಲ್ಕಕ್ಕೆ ಹೋದಾಗ ಭುಜ ಹೇಳುತ್ತದೆ.

ಇಷ್ಟು ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ಮಿಲ್ಸ್ ಮೆಸ್ ಆಡುವವರನ್ನು ಹತ್ತಿರದಿಂದ ನೋಡಿದ್ದೀರಾ? ಬಲ ತೋಳು ಎಡದ ಮೇಲೆ ಹಾಯುತ್ತದೆ, ಬಿಡಿಸಿಕೊಳ್ಳುತ್ತದೆ, ಎಡದ್ದು ಬಲದ ಮೇಲೆ ಹಾಯುತ್ತದೆ. ಚೆಂಡುಗಳು ಆ ತೋಳುಗಳನ್ನು ಅಟ್ಟಿಸಿಕೊಂಡು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲುತ್ತವೆ. ಕ್ಯಾಸ್ಕೇಡ್ ಬಂದ ಮೇಲೂ ಇದನ್ನು ದಕ್ಕಿಸಿಕೊಳ್ಳಲು ಒಳ್ಳೆಯ ಬೆವರು ಬೇಕು. ಇದರ ಸೈಟ್‌ಸ್ವ್ಯಾಪ್ ಏನು ಗೊತ್ತೆ? 3. ಕ್ಯಾಸ್ಕೇಡ್‌ನ ಅದೇ 3. ಯಾವ ಚೆಂಡು ಯಾವಾಗ ಎಸೆಯಲ್ಪಡುತ್ತದೆ ಅನ್ನುವುದಷ್ಟೇ ಲೆಕ್ಕವಾದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಬೆನ್ನ ಹಿಂದಿನಿಂದ ಎಸೆದರೂ 3, ಕಾಲ ಕೆಳಗಿನಿಂದ ಎಸೆದರೂ 3, ಚೆಂಡಿನ ಬದಲು ಉರಿಯುವ ಪಂಜು ಹಿಡಿದರೂ 3.

ಇದನ್ನು ಕೊರತೆ ಅನ್ನುವವರಿದ್ದಾರೆ. ತೇಪೆಗಳೂ ಬಂದಿವೆ. ಎರಡೂ ಕೈ ಒಟ್ಟಿಗೆ ಎಸೆಯುವ ಆಟಗಳಿಗೆ ಆವರಣ ಹಾಕಿ ಬರೆಯುವ ಕ್ರಮವಿದೆ. ಒಂದೇ ಕೈಯಿಂದ ಎರಡು ಚೆಂಡು ಒಟ್ಟಿಗೆ ಹಾರಿಸುವುದಕ್ಕೆ ಚೌಕ ಕಂಸವಿದೆ. ಇಬ್ಬರು ಎದುರುಬದುರು ನಿಂತು ಎಸೆದಾಡುವುದಕ್ಕೆ ಇನ್ನೊಂದು ಬಗೆ. ಇವೆಲ್ಲ ಬೇಕಾದವೇ, ಯಾಕೆಂದರೆ ಎಸೆತಗಳ ಕ್ರಮವೇ ಅಲ್ಲಿ ಬೇರೆ. ಆದರೆ ತೋಳು ಎಲ್ಲಿತ್ತು, ಮಣಿಕಟ್ಟು ಯಾವ ಕಡೆ ತಿರುಗಿತ್ತು ಎಂಬುದನ್ನೂ ಅಂಕಿಗೆ ತುರುಕಲು ಹೊರಟರೆ ಸಾಲು ಬೆಳೆಯುತ್ತ ಬೆಳೆಯುತ್ತ ಗದ್ಯವಾಗುತ್ತದೆ. ಮತ್ತೆ ಅದನ್ನು ಅದಲುಬದಲು ಮಾಡಲಾಗುವುದಿಲ್ಲ, ಎಣಿಸಲಾಗುವುದಿಲ್ಲ, ಬಸ್ಸಿನಲ್ಲಿ ಕೂತು ಹೊಸದೊಂದನ್ನು ಹುಡುಕಲಾಗುವುದಿಲ್ಲ. ಪ್ರಸ್ತಾರದೊಳಗೆ ರಸವನ್ನೂ ಗುರುತು ಹಾಕುತ್ತೇನೆ ಎಂದು ಹೊರಟವನಿಗೆ ಗಣವೂ ಸಿಗದು.

ಹಾಗಾಗಿ ನನಗೆ ಎರಡು ಕಪಾಟು ಇರುವುದೇ ಸರಿ ಅನ್ನಿಸುತ್ತದೆ. ಜ್ಯಾಕ್ ಬಾಯ್ಸ್ ಮಾಡಿದ ಜಗ್ಲಿಂಗ್ ಲ್ಯಾಬ್ ಅನ್ನುವ ಉಚಿತ ತಂತ್ರಾಂಶ ಹಾಗೇ ಇದೆ. ಎಸೆತದ ಅಂಕಿಗಳನ್ನು ಒಂದು ಕಡೆ ಕೊಡಬೇಕು, ಕೈಗಳ ಜಾಡನ್ನು ಬೇರೆ ಕಡೆ. ಎರಡನೆಯದನ್ನು ಖಾಲಿ ಬಿಟ್ಟು 3 ಅಂತ ಒತ್ತಿದರೆ ಪರದೆಯ ಮೇಲಿನ ಗೊಂಬೆ ಸಾದಾ ಕ್ಯಾಸ್ಕೇಡ್ ಶುರು ಮಾಡುತ್ತದೆ. ಜಾಡು ತುಂಬಿ ಅದೇ 3 ಕೊಟ್ಟರೆ ಮಿಲ್ಸ್ ಮೆಸ್. ಆದರೂ ಗೊಂಬೆಯನ್ನು ನೋಡಿ ಮಿಲ್ಸ್ ಮೆಸ್ ಕಲಿಯುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. 441, 531, 612 ಇವನ್ನೆಲ್ಲ ಗೊಂಬೆಯಿಂದಲೇ ಕಲಿಯಬಹುದು, ನಿಧಾನ ಮಾಡಿ ನೋಡಿದರೆ ಸಾಕು. ಮಿಲ್ಸ್ ಮೆಸ್‌ಗೆ ಮಾತ್ರ ಆಡುವವರೊಬ್ಬರ ಬೆನ್ನ ಹಿಂದೆ ನಿಂತು, ಅವರ ಭುಜದ ಮೇಲಿನಿಂದ ನೋಡಿ. ಎದುರಿಗೆ ನಿಂತರೆ ಎಡ ಬಲ ಎರಡೂ ಕಲಸಿಹೋಗುತ್ತವೆ.